ಬ್ರಿಜಿಟ್ ಅಜ್ಜಿಯ ಒಲೆಗೊಂದು ಕಿಂಡಿ

ಬಸವೇಶ್ವರನಗರ, ಹೊರಡುವ ಮುನ್ನ

ನಮ್ಮ ಯಜಮಾನರಿಗೆ ಈ ಪ್ರಪಂಚದಲ್ಲಿ ಇರುವುದು ಒಬ್ಬನೇ ಶತ್ರು, ಗಾಳಿ. ಬಿರುಗಾಳಿಯಾದರೆ ಅವರಿಗೆ ಚಿಂತೆಯಿಲ್ಲ, ಅದು ಸದ್ದು ಮಾಡಿಕೊಂಡೇ ಬರುತ್ತದೆ. ಸಂದಿಯಿಂದ ತೆಳ್ಳಗೆ ನುಸುಳಿ ಕಿವಿಗೆ ತಗಲುವ ಥಂಡಿ ಗಾಳಿ ಇದೆಯಲ್ಲ, ಅದನ್ನು ಕಂಡರೆ ಆಗದು. ದೀಪಾವಳಿಯ ಪಟಾಕಿ ಸದ್ದು ಅಡಗುತ್ತಲೇ ನಮ್ಮ ಮನೆಯಲ್ಲಿ ಸಂದಿ ಮುಚ್ಚುವ ಕೆಲಸ ಶುರು. ಅಡುಗೆಮನೆ ಕಿಟಕಿಗೆ ಹಳೇ ಪೇಪರು, ಬಾಗಿಲ ಕೆಳಗೆ ಹಳೇ ಪಂಚೆಯ ಸುರುಳಿ, ಬಚ್ಚಲುಮನೆಯ ವೆಂಟಿಲೇಟರಿಗೆ ಟಿ.ವಿ. ಬಂದ ಪೆಟ್ಟಿಗೆಯ ರಟ್ಟು. ಬೇರೆಯವೆಲ್ಲ ಯುಗಾದಿಗೆ ಇಳಿಯುತ್ತವೆ. ರಟ್ಟು ಮಾತ್ರ, ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದ ವರ್ಷ ಏರಿದ್ದು, ಇಳಿದೇ ಇಲ್ಲ.

"ಸ್ನಾನ ಆದ ಮೈಗೆ ಗಾಳಿ ತಗುಲಿದ್ರೆ ಮುಗೀತು" ಅನ್ನುವುದು ಅವರ ಸಿದ್ಧಾಂತ.

ಅಂಥವರನ್ನು ಐರ್ಲೆಂಡಿಗೆ ಹೊರಡಿಸಿದವಳು ಸ್ಟೆಲ್ಲಾ. ರಾಜಾಜಿನಗರದ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ನರ್ಸ್ ಆಗಿ ಆ ದೇಶಕ್ಕೆ ಹೋದಳು, ಅಲ್ಲಿಯ ಶಾಲಾ ಮೇಷ್ಟ್ರು ಡೊನಾಲ್ ಎಂಬವನನ್ನು ಮದುವೆಯಾಗಿ ಅವನ ಊರಿನಲ್ಲೇ, ಅವನ ತಾಯಿಯ ಮನೆಯಲ್ಲೇ ನೆಲೆಯಾದಳು. ಎಷ್ಟು ವರ್ಷವಾದರೂ ಅವಳ ಕನ್ನಡ ಮಾತ್ರ ರಾಜಾಜಿನಗರದ ಬಸ್‌ಸ್ಟಾಪಿನಲ್ಲೇ ನಿಂತಿದೆ.

"ವಿಮ್ಮಿ, ಈ ಸಲ ನೆಪ ಹೇಳ್ಬೇಡ ಕಣೇ" ಅಂದಳು ಫೋನಿನಲ್ಲಿ. "ನಮ್ಮತ್ತೆಗೆ ತೊಂಬತ್ತು ತುಂಬುತ್ತೆ. ಮುಚ್ಚಿಹೋಗಿರೋ ಒಲೆ ತೆಗೆಸ್ತಾ ಇದೀನಿ ಅವರಿಗೋಸ್ಕರ. ಆ ಒಲೆ ಮುಂದೆ ಕೂತ್ಕೊಂಡು ಬರ್ತ್‌ಡೇ ಟೀ ಕುಡಿಯೋಣ, ಬಾರೇ."

ಯಜಮಾನರು ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದರು. "ಅಲ್ಲಿ ಗಾಳಿ ಹೇಗಂತೆ? ಕೇಳು" ಅಂದರು.

"ಗಾಳಿನಾ? ಸಮುದ್ರ ಪಕ್ಕದಲ್ಲೇ ಇದೆ ಅಣ್ಣ, ಎತ್ಕೊಂಡೇ ಹೋಗುತ್ತೆ!" ಎಂದು ಸ್ಟೆಲ್ಲಾ ಕೂಗಿದಳು.

ಅವತ್ತೇ ಸಂಜೆ ಅವರು ವಿಜಯನಗರಕ್ಕೆ ಹೋಗಿ ಹೊಸ ಮಂಕಿ ಕ್ಯಾಪ್ ತಂದರು. ಕಂದು ಬಣ್ಣದ್ದು, ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಉಲ್ಲನ್ ಗೊಂಡೆ. ಅಂಗಡಿಯಿಂದ ಮನೆಯವರೆಗೂ ಅದನ್ನು ಹಾಕಿಕೊಂಡೇ ಬಂದಿದ್ದರು, ಸೆಖೆಯಲ್ಲಿ.

ಒಂದೇ ಬೆರಳಿನ ನಮಸ್ಕಾರ

ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟು ಕೂತ ಪುಟ್ಟ ಊರು ಅದು. ಡೊನಾಲ್ ಕಾರು ಓಡಿಸುವಾಗ ಎದುರಿಗೆ ಬಂದ ಪ್ರತಿಯೊಬ್ಬ ಚಾಲಕನೂ ಸ್ಟೀರಿಂಗಿನಿಂದ ತೋರುಬೆರಳೊಂದನ್ನೇ ಎತ್ತುತ್ತಿದ್ದ. ಡೊನಾಲನೂ ಎತ್ತುತ್ತಿದ್ದ. ಇವರಿಗೆಲ್ಲ ನೀನು ಪರಿಚಯವೇ ಎಂದು ಕೇಳಿದೆ. ಇಲ್ಲವಂತೆ. "ಎತ್ತದೆ ಹೋದರೆ ಯಾರು ಈ ದುರಹಂಕಾರಿ ಅಂತ ವಿಚಾರಿಸುತ್ತಾರೆ" ಎಂದ. ಮಾಗಡಿ ರಸ್ತೆಯಲ್ಲಿ ಎದುರಿನವರು ನಮಗೆ ಎತ್ತುವ ಬೆರಳು, ಕೈಗಳು ನನಗೆ ನೆನಪಾದವು.

ಮನೆಯ ಬಾಗಿಲಲ್ಲಿ ಸ್ಟೆಲ್ಲಾಳ ಅತ್ತೆ ಬ್ರಿಜಿಟ್ ನಿಂತಿದ್ದರು. ಬಿಳಿ ಹತ್ತಿಯಂಥ ತಲೆ, ನೀಲಿ ಸ್ವೆಟರು, ಒಂದು ಕೈಯಲ್ಲಿ ಕೋಲು. ಕೋಲು ಊರುವುದಕ್ಕಲ್ಲ, ತೋರಿಸುವುದಕ್ಕೆ ಎನ್ನುವುದು ಬೇಗ ತಿಳಿಯಿತು. ಕೋಲಿನಿಂದಲೇ ನಮಗೆ ಕುರ್ಚಿ ತೋರಿಸಿದರು, ಕೋಲಿನಿಂದಲೇ ಮಗನಿಗೆ ಕೆಟಲ್ ತೋರಿಸಿದರು.

"ಟೀ ಕುಡಿಯುತ್ತೀಯಾ ಮಗಳೇ?"

"ಬೇಡಮ್ಮ, ಈಗ ತಾನೇ ಆಯಿತು" ಎಂದೆ, ಮರ್ಯಾದೆಗೆ.

"ಸ್ವಲ್ಪ?"

"ನಿಮಗ್ಯಾಕೆ ತೊಂದರೆ."

"ಹಾಗಾದರೆ ಕುಡಿಯುತ್ತಾಳೆ. ಡೊನಾಲ್, ಹಾಕು."

ನನಗೆ ಆನಂದವಾಗಿಹೋಯಿತು. ವಿಮಾನದಲ್ಲಿ ಒಮ್ಮೆ ಬೇಡವೆಂದದ್ದಕ್ಕೆ ಆ ಹುಡುಗಿ ಗಾಡಿ ತಳ್ಳಿಕೊಂಡು ಹೋಗಿಯೇಬಿಟ್ಟಿದ್ದಳು. ಬೇಡವೆಂದರೆ ಇನ್ನೊಮ್ಮೆ ಕೇಳಬೇಕು, ಆಗಲೂ ಬೇಡವೆಂದರೆ ಹಾಕಿಕೊಡಬೇಕು ಎಂಬ ಶಾಸ್ತ್ರ ಗೊತ್ತಿರುವ ಜನ ನಮ್ಮ ಬೀದಿಯಾಚೆಗೂ ಇದ್ದಾರೆ!

ಇನ್ನೊಂದು ಹೋಲಿಕೆಯೂ ಸಿಕ್ಕಿತು. ಮಾರನೆಯ ದಿನ ಎಲ್ಲರೂ ಪೇಟೆಗೆ ಹೊರಟು ಕಾರು ತಿರುವಿಗೆ ಬಂದಿತ್ತು. ಬ್ರಿಜಿಟ್ ಅಜ್ಜಿ ಎದೆ ಮುಟ್ಟಿಕೊಂಡು "ಬಿಸಿನೀರಿನ ಸ್ವಿಚ್ ಆರಿಸಿದಿರಾ?" ಎಂದರು. ಕಾರು ಹಿಂದಕ್ಕೆ ಬಂತು. ಆರಿಸಿಯೇ ಇತ್ತು. ನಮ್ಮವರು ಕಣ್ಣಂಚಿನಲ್ಲಿ ನನ್ನನ್ನು ನೋಡಿದರು. ಗೀಸರ್ ಆರಿಸಿದೆವೋ ಇಲ್ಲವೋ ನೋಡಲು ಅವರನ್ನು ನಾನು ಮೆಟ್ರೋ ಸ್ಟೇಷನ್ನಿನಿಂದ ಮನೆಗೆ ವಾಪಸ್ ಓಡಿಸಿದ ದಿನಗಳ ಲೆಕ್ಕ ಆ ನೋಟದಲ್ಲಿತ್ತು.

ಹಲಗೆ ಹೊಡೆದ ಗೋಡೆ

ಆ ಮನೆಯ ನಡುಕೋಣೆಯಲ್ಲಿ ಕುರ್ಚಿಗಳೆಲ್ಲ ಒಂದು ಬರಿಗೋಡೆಗೆ ಮುಖ ಮಾಡಿ ಕೂತಿದ್ದವು. ಅಲ್ಲಿ ಟಿ.ವಿ.ಯೂ ಇಲ್ಲ, ಪಟವೂ ಇಲ್ಲ. ಬಿಳಿ ಬಣ್ಣ ಬಳಿದ ಹಲಗೆಯೊಂದೇ. ಆ ಹಲಗೆಯ ಹಿಂದೆ ಒಲೆ.

"ಡೊನಾಲ್ ಹುಡುಗನಾಗಿದ್ದಾಗ ಚಿಮಣಿಗೆ ಬೆಂಕಿ ಬಿದ್ದಿತ್ತು" ಎಂದು ಅಜ್ಜಿಯೇ ಹೇಳಿದರು. "ಒಲೆಯಲ್ಲಲ್ಲ, ಚಿಮಣಿಯ ಒಳಗೆ. ವರ್ಷಗಟ್ಟಲೆ ಹಸಿ ಸೌದೆ ಉರಿಸಿದ್ದೆವು. ಒಳಗೆಲ್ಲ ಕೀಲೆಣ್ಣೆಯ ಹಾಗೆ ಮಸಿ ಕಟ್ಟಿಕೊಂಡಿತ್ತು. ಅದೇ ಹೊತ್ತಿಕೊಂಡಿತು. ರೈಲು ಮನೆಯೊಳಗೆ ಬಂದ ಹಾಗೆ ಸದ್ದು. ಯಾರಿಗೂ ಏನೂ ಆಗಲಿಲ್ಲ, ಆದರೆ ನನ್ನ ಗಂಡ ಮಾರನೆಯ ದಿನವೇ ಹಲಗೆ ಹೊಡೆದ. ಕುರ್ಚಿಗಳನ್ನು ತಿರುಗಿಸಲು ಮಾತ್ರ ನಾನು ಬಿಡಲಿಲ್ಲ."

ಅವರು ಹುಟ್ಟಿದ್ದು ಅದೇ ಊರಿನ ಇನ್ನೊಂದು ಒಲೆಯ ಮುಂದೆ, ಮದುವೆಯಾಗಿ ಬಂದು ಕೂತದ್ದು ಈ ಒಲೆಯ ಮುಂದೆ. ಈಗ ಗೋಡೆಗೆ ಅಂಟಿಸಿದ ಬಿಸಿನೀರಿನ ರೇಡಿಯೇಟರು ಮನೆಯನ್ನು ಬೆಚ್ಚಗಿಡುತ್ತದೆ. "ಅದು ಬೆಚ್ಚಗಿಡುತ್ತದೆ, ನಿಜ. ಆದರೆ ಅದನ್ನು ನೋಡುತ್ತಾ ಕೂರುವುದಕ್ಕೆ ಆಗುತ್ತದೆಯೇ?" ಎಂದು ಕೋಲಿನಿಂದ ರೇಡಿಯೇಟರನ್ನು ತಿವಿದರು.

ಒಲೆ ಕೂರಿಸುವವನು ಬರುವುದು ಬುಧವಾರ. ಶುಕ್ರವಾರ ಪರೀಕ್ಷೆ ಮಾಡಿ, ಸರಿಯಿದ್ದರೆ ಉರಿಸಬಹುದೆಂದು ಬರೆದುಕೊಡುತ್ತಾನೆ. ಭಾನುವಾರ ಹುಟ್ಟಿದ ಹಬ್ಬ. ಶುಕ್ರವಾರ ತಪ್ಪಿದರೆ ಅವನು ಮಗಳ ಮದುವೆಗೆ ಸ್ಪೇನಿಗೆ ಹೋಗಿಬಿಡುತ್ತಾನೆ, ಮತ್ತೆ ಸಿಗುವುದು ಮುಂದಿನ ತಿಂಗಳು.

"ಮುಂದಿನ ತಿಂಗಳು ಹಚ್ಚಿದರಾಯಿತು, ಅದಕ್ಕೇನಂತೆ" ಎಂದು ನಮ್ಮವರು ಸಮಾಧಾನ ಹೇಳಿದರು.

"ರಾಮ್," ಎಂದರು ಅಜ್ಜಿ, ರಾಮಚಂದ್ರ ಎಂಬ ಅವರ ಹೆಸರನ್ನು ಮೊದಲ ದಿನವೇ ಕತ್ತರಿಸಿಟ್ಟಿದ್ದರು, "ಈ ವಯಸ್ಸಿನಲ್ಲಿ ಮುಂದಿನ ತಿಂಗಳು ಅನ್ನುವುದು ನನಗೆ ಬಹಳ ದೂರದ ಊರು."

ನಗುತ್ತಲೇ ಹೇಳಿದರು. ಆದರೆ ಸ್ಟೆಲ್ಲಾ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ.

"ಅತ್ತೆಗೆ ಮಾತು ಕೊಟ್ಟಿದೀನಿ ಕಣೇ ವಿಮ್ಮಿ" ಎಂದಳು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ. "ನಾನು ಈ ಮನೆಗೆ ಬಂದಾಗ ಊರಲ್ಲಿ ಎಲ್ರೂ ನನ್ನನ್ನ ನೋಡೋಕೆ ಬರೋರು. ಇವರು ಒಬ್ರೇ ನೋಡ್ಲಿಲ್ಲ, ಸುಮ್ನೆ ಕುರ್ಚಿ ಎಳೆದು ಕೂರಿಸಿದ್ರು. ಒಂದೇ ಒಂದು ಸಲ ಅವರು ನನ್ನ ಹತ್ರ ಬಾಯಿಬಿಟ್ಟು ಕೇಳಿರೋದು ಅಂದ್ರೆ ಈ ಬೆಂಕಿ."

ಬುಧವಾರ, ಗೋಡೆಗೆ ತೂತು

ಒಲೆ ಕೂರಿಸಲು ಬಂದ ಫಿಂಟನ್ ಭಾರಿ ಆಳು, ಮಾತೂ ಭಾರಿ. ಹಲಗೆ ಕಿತ್ತ ಕೂಡಲೇ ಅಗ್ಗಿಷ್ಟಿಕೆಯ ಕಪ್ಪು ಬಾಯಿ ತೆರೆದುಕೊಂಡಿತು. ಚಿಮಣಿಯೊಳಗಿಂದ ಬಕೆಟ್ಟುಗಟ್ಟಲೆ ಮಸಿ ಇಳಿಯಿತು, ಜೊತೆಗೆ ಕಾಗೆಗೂಡಿನ ಕಡ್ಡಿಗಳು, ಒಂದು ಟೆನಿಸ್ ಚೆಂಡು.

"ನನ್ನದು!" ಎಂದ ಡೊನಾಲ್, ಅರವತ್ತರ ಮೇಷ್ಟ್ರು, ಅದನ್ನು ಕೈಗೆತ್ತಿಕೊಂಡು.

ಒಲೆಯೆಂದರೆ ಬೆಂಕಿ ಹಾಕುವ ಜಾಗ ಎಂದಷ್ಟೇ ತಿಳಿದಿದ್ದ ನನಗೆ ಅವನ ಎಚ್ಚರಿಕೆಗಳು ಮಡಿಯ ನಿಯಮಗಳ ಹಾಗೆ ಕಂಡವು. ನೆಲಕ್ಕೆ ದಪ್ಪ ಕಲ್ಲಿನ ಹಾಸು, ಒಲೆಯ ಬಾಯಿಯಿಂದ ಬಹಳ ಮುಂದಕ್ಕೆ ಬರುವ ಹಾಗೆ. ಕೆಂಡ ಸಿಡಿದರೆ ಕಲ್ಲಿನ ಮೇಲೇ ಬೀಳಬೇಕು, ಕಾರ್ಪೆಟ್ಟಿನ ಮೇಲಲ್ಲ. ಮೇಲಿದ್ದ ಹಳೇ ಮರದ ತೊಲೆಯನ್ನು ತೆಗೆಸಿಯೇಬಿಟ್ಟ. "ಮರ ಹೊತ್ತಿಕೊಳ್ಳುವುದಕ್ಕೆ ಬೆಂಕಿ ಮುಟ್ಟಲೇಬೇಕಿಲ್ಲ. ವರ್ಷಗಟ್ಟಲೆ ಕಾವು ತಿಂದರೂ ಸಾಕು" ಎಂದ. ಚಿಮಣಿಯ ಮೇಲಿನಿಂದ ಉಕ್ಕಿನ ಬಳುಕುವ ಕೊಳವೆಯೊಂದನ್ನು ಇಳಿಬಿಟ್ಟ. ಇನ್ನು ಹೊಗೆ ಹೋಗುವುದು ಅದರೊಳಗೇ, ಹಳೇ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಕೊಳವೆಯ ತುದಿಗೆ ಗಾಜಿನ ಬಾಗಿಲಿನ ಕಪ್ಪು ಕಬ್ಬಿಣದ ಒಲೆ ಬಂದು ಕೂತಿತು. ಗೋಡೆಯ ಮೇಲೆ ಅಂಗೈಯಗಲದ ಬಿಳಿ ಡಬ್ಬಿ, ಕಣ್ಣಿಗೂ ಮೂಗಿಗೂ ಗೊತ್ತಾಗದ ವಿಷಗಾಳಿ ಬಂದರೆ ಕಿರುಚುವುದಕ್ಕೆ.

ಸೌದೆಯನ್ನೂ ಪರೀಕ್ಷಿಸಿದ. ಎರಡು ಮುಳ್ಳಿನ ಪುಟ್ಟ ಮೀಟರನ್ನು ಸೀಳಿಗೆ ಚುಚ್ಚಿ ಅದರಲ್ಲಿ ನೀರಿನಂಶ ಎಷ್ಟಿದೆ ಎಂದು ನೋಡುತ್ತಿದ್ದ. ನನಗೆ ಸುಮ್ಮನಿರಲಾಗಲಿಲ್ಲ. ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿದೆ. ಟಣ್ ಎಂದಿತು.

"ಒಣಗಿದೆ" ಎಂದೆ.

ಅವನು ಮೀಟರ್ ನೋಡಿ, "ಒಣಗಿದೆ" ಎಂದ.

ನನ್ನ ತವರುಮನೆಯ ಬಚ್ಚಲಲ್ಲಿ ಹಂಡೆ ಒಲೆ ಇದ್ದ ಕಾಲದಲ್ಲಿ ಅಮ್ಮ ಸೌದೆ ಡಿಪೋದಲ್ಲಿ ಹೀಗೆ ಬಡಿದು ಬಡಿದು ಆರಿಸುತ್ತಿದ್ದರು. ಹಸಿ ಸೌದೆ ದೊಪ್ ಎನ್ನುತ್ತದೆ. ಅಜ್ಜಿ ಕೂತಲ್ಲಿಂದಲೇ ಕೈ ಚಾಚಿದರು. ಎರಡು ಸೀಳು ಕೊಟ್ಟೆ. ಅವರೂ ಬಡಿದು ಕಿವಿಗೊಟ್ಟು ನಕ್ಕರು. ಅವರ ಅಮ್ಮನೂ ಹೀಗೇ ಮಾಡುತ್ತಿದ್ದರಂತೆ.

ಕೊನೆಗೆ ಫಿಂಟನ್ ದೊಡ್ಡ ಡ್ರಿಲ್ ತಂದು ಹೊರಗೋಡೆಗೇ ಆಚೆಯವರೆಗೂ ತೂತು ಕೊರೆದ. ಸಣ್ಣದಲ್ಲ, ತೆಂಗಿನಕಾಯಿ ತೂರುವಷ್ಟು. ಹೊರಗೆ ಲೋಹದ ಜಾಲರಿ, ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿಪಟ್ಟಿ ಮುಚ್ಚಳ ಹಾಕಿದ. ಒಲೆಗೆ ಗಾಳಿ ಬೇಕು, ಈ ಕಿಂಡಿ ಅದಕ್ಕೇ ಎಂದು ಹೇಳಿದ. ಹೇಳುವಾಗ ಡೊನಾಲ್ ಇದ್ದ, ಸ್ಟೆಲ್ಲಾ ಇದ್ದಳು, ಅಜ್ಜಿ ಇದ್ದರು, ನಾನಿದ್ದೆ. ನಮ್ಮವರು ಮಹಡಿಯ ಮೇಲೆ ಮೂಗಿಗೆ ವಿಕ್ಸ್ ಹಚ್ಚಿಕೊಳ್ಳುತ್ತಿದ್ದರು.

ಆ ಕಿಂಡಿಯ ಪಕ್ಕದ ಗೋಡೆಯಲ್ಲಿ, ಜೊಂಡುಹುಲ್ಲಿನಿಂದ ಹೆಣೆದ ಸಣ್ಣ ಶಿಲುಬೆಯೊಂದು ತೂಗುತ್ತಿತ್ತು. ಅಲ್ಲಿಯವರು ಮನೆಗೆ ಬೆಂಕಿಯ ಭಯ ಬಾರದಿರಲೆಂದು ಇದನ್ನು ಹಾಕುತ್ತಾರಂತೆ. ಅದರ ಒಂದು ಎಳೆ ಬಿಚ್ಚಿಕೊಂಡಿತ್ತು. ಕಿಂಡಿ ಕೊರೆದ ಗಳಿಗೆಯಿಂದ ಆ ಎಳೆ ನಡುಗಲು ತೊಡಗಿತು, ಗುಬ್ಬಿಯ ಬಾಲದ ಹಾಗೆ. ಟೀ ಕುಡಿಯುತ್ತಾ ನಾನು ಅದನ್ನೇ ನೋಡುತ್ತಿದ್ದೆ.

ಗುರುವಾರ, ಬರಿತಲೆ

ಗುರುವಾರ ಒಂದು ಪವಾಡ ನಡೆಯಿತು. ಯಜಮಾನರು ಬರಿತಲೆಯಲ್ಲಿ ತಿಂಡಿಗೆ ಬಂದರು. ಕಿವಿಗೆ ಟವಲ್ಲೊಂದು ಸುತ್ತಿದ್ದರು, ಅಷ್ಟೇ.

"ಕ್ಯಾಪ್ ಎಲ್ರೀ?"

"ಅಷ್ಟೇನು ಚಳಿ ಇಲ್ಲ ಬಿಡೇ" ಎಂದರು, ಟೋಸ್ಟಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಾ.

ದೇಶ ಸುತ್ತಿದರೆ ಮನುಷ್ಯ ಬದಲಾಗುತ್ತಾನೆ ಎನ್ನುವುದು ನಿಜ ಎಂದುಕೊಂಡೆ. ಅವರು ನಡುಕೋಣೆಯಲ್ಲಿ, ಗೋಡೆ ಪಕ್ಕದ ದೊಡ್ಡ ಕುರ್ಚಿಯಲ್ಲಿ ಮಧ್ಯಾಹ್ನವೆಲ್ಲ ಸುಖವಾಗಿ ಗೊರಕೆ ಹೊಡೆದರು. ಅದು ಅಜ್ಜಿಯ ಕುರ್ಚಿ. ಅತಿಥಿಗೆಂದು ಬಿಟ್ಟುಕೊಟ್ಟಿದ್ದರು, ಭಾನುವಾರದವರೆಗೆ ಮಾತ್ರ ಎಂದು ಕೋಲೆತ್ತಿ ಎಚ್ಚರಿಸಿ. ನಾನೂ ಸ್ಟೆಲ್ಲಾಳೂ ಸಮುದ್ರದ ದಂಡೆಯಲ್ಲಿ ನಡೆದೆವು. ಕಾನ್ವೆಂಟಿನ ಸಿಸ್ಟರು ಕಲಿಸಿದ ಹಾಡುಗಳನ್ನೆಲ್ಲ ಗಾಳಿಗೆ ಎದುರಾಗಿ ಹಾಡಿದೆವು. ಕುರಿಯೊಂದು ಬಹಳ ಗಂಭೀರವಾಗಿ ಕೇಳಿಸಿಕೊಂಡಿತು.

ಶುಕ್ರವಾರ, ಹೊಗೆ

ಪರೀಕ್ಷೆಗೆ ಎಲ್ಲರೂ ಸೇರಿದೆವು. ಅಜ್ಜಿ ಆಗಲೇ ತಲೆ ಬಾಚಿಸಿಕೊಂಡು ಬಂದಿದ್ದರು. ಫಿಂಟನ್ ಕಿಟಕಿ ಬಾಗಿಲು ಎಲ್ಲ ಮುಚ್ಚಿದ. ಒಲೆಯೊಳಗೆ ಬಿಸ್ಕತ್ತಿನಂಥ ಬಿಲ್ಲೆಯೊಂದಕ್ಕೆ ಕಡ್ಡಿ ಗೀರಿದ. ಅದರಿಂದ ಬಿಳಿ ಹೊಗೆ ಬರುತ್ತದೆ; ಹೊಗೆಯೆಲ್ಲ ಕೊಳವೆ ಹಿಡಿದು ಮೇಲಕ್ಕೆ ಹೋಗಬೇಕು, ಒಂದೆಳೆಯೂ ಕೋಣೆಗೆ ಬರಬಾರದು. ಅಷ್ಟೇ ಪರೀಕ್ಷೆ.

ಮೊದಲು ಹೋಯಿತು. ಆಮೇಲೆ ತಡೆದು ನಿಂತಿತು. ಯೋಚಿಸಿದ ಹಾಗೆ ಮಾಡಿ, ಒಲೆಯ ಬಾಯಿಂದ ಮೆಲ್ಲಗೆ ಹೊರಗೆ ಹರಿದು ನಮ್ಮ ಕಾಲಿಗೆ ಸುತ್ತಿಕೊಂಡಿತು.

ಫಿಂಟನ್ ತಲೆ ಕೆರೆದುಕೊಂಡ. ಕಾಗದ ಉರಿಸಿ ಕೊಳವೆ ಬೆಚ್ಚಗೆ ಮಾಡಿ ಮತ್ತೊಂದು ಬಿಲ್ಲೆ ಹಚ್ಚಿದ. ಮತ್ತೆ ಅದೇ. ಹೊರಗೆ ಹೋಗಿ ಕಿಂಡಿಯ ಜಾಲರಿಯನ್ನು ನೋಡಿದ, ಸ್ವಚ್ಛವಾಗಿತ್ತು. ಒಳಗಿನ ಬಿಳಿ ಮುಚ್ಚಳ ಅವನು ಹಾಕಿದ ಹಾಗೇ ಇತ್ತು. ಏಣಿ ಹತ್ತಿ ಚಿಮಣಿ ನೋಡಿ ಬಂದ. ಕೈ ಒರೆಸಿಕೊಳ್ಳುತ್ತಾ ಅಜ್ಜಿಯ ಮುಖ ನೋಡದೆ ಹೇಳಿದ:

"ಚಿಮಣಿ ಗಿಡ್ಡವಾಯಿತೇನೋ. ಹಿಂದಿನ ಗುಡ್ಡದ ಗಾಳಿ ಕೆಳಕ್ಕೆ ಒತ್ತುತ್ತಿರಬೇಕು. ಎತ್ತರಿಸಬೇಕು. ಸ್ಪೇನಿನಿಂದ ಬಂದ ಮೇಲೆ ಮಾಡಿಕೊಡುತ್ತೇನೆ. ಈಗ ಇದಕ್ಕೆ ಬೆಂಕಿ ಹಾಕಲು ನಾನು ಒಪ್ಪಲಾರೆ, ಬ್ರಿಜಿಟ್."

"ಒಂದೇ ಒಂದು ಸಣ್ಣ ಬೆಂಕಿ, ಫಿಂಟನ್?" ಎಂದ ಡೊನಾಲ್. "ಬಾಗಿಲು ತೆರೆದಿಟ್ಟುಕೊಂಡು?"

"ನನ್ನ ತಾಯಿ ಕೇಳಿದರೂ ಇಲ್ಲ."

"ಅವನು ಹೇಳಿದ್ದು ಸರಿ" ಎಂದರು ಅಜ್ಜಿ. ಕೋಲನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, "ಟೀ ಹಾಕು ಮಗಳೇ" ಎಂದರು ಸ್ಟೆಲ್ಲಾಳಿಗೆ. ಕೋಲಿನಿಂದ ಏನನ್ನೂ ತೋರಿಸಲಿಲ್ಲ.

ನನಗೆ ಯಾರ ಮುಖ ನೋಡುವುದಕ್ಕೂ ಧೈರ್ಯ ಬರಲಿಲ್ಲ. ಗೋಡೆ ನೋಡಿದೆ. ಜೊಂಡುಹುಲ್ಲಿನ ಶಿಲುಬೆ ನೋಡಿದೆ. ಅದರ ಬಿಚ್ಚಿದ ಎಳೆ ಅಲುಗುತ್ತಿರಲಿಲ್ಲ.

ಹೊರಗೆ ಮರಗಳು ಬಾಗಿ ಏಳುತ್ತಿವೆ. ಗಾಳಿ ಬೇಕಾದಷ್ಟಿದೆ. ಎಳೆ ಮಾತ್ರ ಕಡ್ಡಿಯ ಹಾಗೆ ನಿಂತಿದೆ.

ಎದ್ದು ಹೋಗಿ ಕಿಂಡಿಗೆ ಅಂಗೈ ಹಿಡಿದೆ. ಉಸಿರೇ ಇಲ್ಲ. "ಫಿಂಟನ್, ಇದರ ಮುಚ್ಚಳ ತೆಗೆಯುತ್ತೀಯಾ?" ಎಂದೆ.

ಅವನು ಬೆರಳಿನಿಂದ ಮೀಟಿದ. ಮುಚ್ಚಳ ಬಿಚ್ಚಿಕೊಂಡಿತು. ಒಳಗಿನಿಂದ, ನಿಂಬೆಹಣ್ಣಿನ ಗಾತ್ರದ ಕಂದು ಗೊಂಡೆಯೊಂದು ನಮ್ಮನ್ನು ಇಣುಕಿ ನೋಡಿತು.

ಫಿಂಟನ್ ಗೊಂಡೆ ಹಿಡಿದು ಎಳೆದ. ಮಂಕಿ ಕ್ಯಾಪ್ ಉದ್ದಕ್ಕೆ ಬಂತು. ಹೊಟ್ಟೆ ತುಂಬಾ ಕನ್ನಡ ಪೇಪರು, ನಾನು ಚಕ್ಕುಲಿ ಸುತ್ತಿ ತಂದದ್ದು. ಅದು ಬಂದದ್ದೇ ತಡ, ಹುಲ್ಲಿನ ಎಳೆ ಗಡಗಡನೆ ನಡುಗಲು ಶುರುಮಾಡಿತು.

ಎಲ್ಲರೂ ಒಟ್ಟಿಗೆ ಒಂದೇ ಕಡೆ ತಿರುಗಿದೆವು. ನಮ್ಮವರು ಕಿವಿಗೆ ಸುತ್ತಿದ ಟವಲ್ಲನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದರು.

"ರೀ...!"

"ತೂತು ಮಾಡಿ, ಒಳಗೆ ತುಂಬೋದು ಮರ್ತು, ಬರೀ ಮುಚ್ಚಳ ಹಾಕಿದಾನೆ ಅನ್ಕೊಂಡೆ ಕಣೇ" ಎಂದರು ಅವರು ಕನ್ನಡದಲ್ಲಿ, ತೀರಾ ಸಣ್ಣ ದನಿಯಲ್ಲಿ. "ನಮ್ಮಲ್ಲಿ ಏಸಿ ಹಾಕೋರೂ ಹಂಗೇ ತೂತು ಬಿಟ್ಟೋಗ್ತಾರಲ್ಲ. ಮೊನ್ನೆ ರಾತ್ರಿ ಆ ಕುರ್ಚೀಲಿ ಕೂತ್ರೆ ಗಾಳಿ ಸೀದಾ ಕತ್ತಿಗೆ ಹೊಡೀತಿತ್ತು. ಉಪಕಾರ ಆಗ್ಲಿ ಅಂತ..."

ಸ್ಟೆಲ್ಲಾ ಅದನ್ನು ಇಂಗ್ಲಿಷಿಗೆ ಮಾಡಲು ಹೋಗಿ ಅರ್ಧಕ್ಕೇ ನಗು ತಡೆಯಲಾರದೆ ನೆಲಕ್ಕೆ ಕೂತಳು. ಡೊನಾಲ್ ಟೆನಿಸ್ ಚೆಂಡು ಹಿಡಿದುಕೊಂಡೇ ನಕ್ಕ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಫಿಂಟನ್ ಮಾತ್ರ ಕ್ಯಾಪನ್ನು ಕೈಯಲ್ಲಿ ತಿರುಗಿಸುತ್ತಾ, "ಚಿಮಣಿಯಲ್ಲಿ ಕಾಗೆ ಕಂಡಿದ್ದೇನೆ, ಜೇನು ಕಂಡಿದ್ದೇನೆ" ಎಂದು, ವಾಕ್ಯ ಮುಗಿಸದೆ ನಮ್ಮವರ ಮುಂದೆ ಮಂಡಿಯೂರಿ ಕೂತ.

"ಬೆಂಕಿ ಕೋಣೆಯ ಗಾಳಿಯನ್ನು ತಿನ್ನುತ್ತದೆ, ಸರ್. ಹೊರಗಿನಿಂದ ಗಾಳಿ ಬರದಿದ್ದರೆ ಹೊಗೆ ಮೇಲೆ ಹೋಗುವುದಿಲ್ಲ, ಬೆಂಕಿಯ ವಿಷಗಾಳಿ ಒಳಗೇ ಉಳಿಯುತ್ತದೆ. ಅದಕ್ಕೆ ವಾಸನೆಯಿಲ್ಲ. ಕೆಮ್ಮು ಬರುವುದಿಲ್ಲ. ನಿದ್ದೆ ಬರುತ್ತದೆ, ಅಷ್ಟೇ. ಡಬ್ಬಿ ಕಿರುಚುತ್ತದೆ, ನಿಜ. ಆದರೆ ಡಬ್ಬಿಯನ್ನು ನಂಬಿಕೊಂಡು ಕಿಂಡಿ ಮುಚ್ಚುವ ಹಾಗಿಲ್ಲ."

ನಗು ನಿಂತಿತು. ನಮ್ಮವರು ಆ ದೊಡ್ಡ ಕುರ್ಚಿಯನ್ನು ನೋಡಿದರು. ಆಮೇಲೆ ಅಜ್ಜಿಯನ್ನು ನೋಡಿದರು.

"ಭಾನುವಾರ ಅಜ್ಜಿ ಇದರಲ್ಲೇ ಕೂರೋರು" ಎಂದರು ನನಗೆ. ತಿರುಗಿ ಫಿಂಟನ್‌ನನ್ನು ಇಂಗ್ಲಿಷಿನಲ್ಲಿ ಕೇಳಿದರು, "ಗ್ಯಾಸಿನ ಬೆಂಕಿಗೂ ಹೀಗೇನಾ?"

"ಯಾವ ಬೆಂಕಿಯಾದರೂ, ಸರ್."

ಫಿಂಟನ್ ಮೂರನೆಯ ಬಿಲ್ಲೆ ಹಚ್ಚಿದ. ಹೊಗೆ ಹಿಂದೆ ತಿರುಗಿಯೂ ನೋಡದೆ ಸರ್ರನೆ ಮೇಲೆ ಹೋಯಿತು. ಡೊನಾಲ್ ಅಂಗಳಕ್ಕೆ ಓಡಿ, "ಬಂತು! ಚಿಮಣಿಯಿಂದ ಬಂತು!" ಎಂದು ಕೂಗಿದ. ಹೊಸ ಕಬ್ಬಿಣದ ಬಣ್ಣ ಹದಕ್ಕೆ ಬರಲೆಂದು ಫಿಂಟನ್ ಕಿಟಕಿ ತೆರೆದು ಮುಷ್ಟಿಯಷ್ಟು ಬೆಂಕಿ ಮಾಡುವವನಿದ್ದ. ಕಡ್ಡಿಪೆಟ್ಟಿಗೆಯನ್ನು ಅಜ್ಜಿಗೆ ಚಾಚಿದ.

"ಬೇಡ" ಎಂದರು ಅವರು. "ಇದು ನಿನ್ನ ಬೆಂಕಿ. ನನ್ನದು ಭಾನುವಾರ."

ಕೋಲು ಮತ್ತೆ ಮೇಲೆದ್ದು ಕೆಟಲ್ ಕಡೆ ತೋರಿಸಿತು.

ಭಾನುವಾರ, ಟೀ

ಶನಿವಾರ ಬೆಳಿಗ್ಗೆ ನಾನು ಇಳಿದು ಬಂದಾಗ ನಮ್ಮವರು ಕಿಂಡಿಯ ಮುಂದೆ ನಿಂತಿದ್ದರು, ಕೈಯಲ್ಲಿ ಹಚ್ಚಿದ ಊದುಬತ್ತಿ. ದೇವರಿಗೆ ಆರತಿ ಎತ್ತುವವರ ಹಾಗೆ ಅದನ್ನು ಮುಚ್ಚಳದ ಹತ್ತಿರ ಹಿಡಿದಿದ್ದರು. ಹೊಗೆಯ ಎಳೆ ಗೋಡೆಯಿಂದ ಒಲೆಯ ಕಡೆಗೆ ಬಾಗಿ ಹರಿಯುತ್ತಿತ್ತು.

"ನೋಡು, ಒಳಗೆ ಬರ್ತಾ ಇದೆ" ಎಂದರು.

ಗಾಳಿ ಒಳಗೆ ಬಂದದ್ದಕ್ಕೆ ಅವರು ಸಂತೋಷಪಟ್ಟದ್ದನ್ನು ಮದುವೆಯಾದ ಮೇಲೆ ನಾನು ಕಂಡದ್ದು ಅದೇ ಮೊದಲು. ಅಜ್ಜಿಗೂ ಆ ಪೂಜೆ ಬಹಳ ಹಿಡಿಸಿತು. ಭಾನುವಾರ ತಾವೇ ಊದುಬತ್ತಿ ಹಿಡಿದು ನೋಡಿ, ಹೊಗೆ ಬಾಗಿದ್ದನ್ನು ಕಂಡು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಆಮೇಲೆ ಮಂಡಿಯೂರಿದರು. ಡೊನಾಲ್ ಒಂದು ಕಡೆ, ಸ್ಟೆಲ್ಲಾ ಒಂದು ಕಡೆ. ಕೆಳಗೆ ದಪ್ಪ ಸೀಳು, ಮೇಲೆ ಸಣ್ಣ ಚಕ್ಕೆ, ಅದರ ಮೇಲೆ ಪುಳ್ಳೆ, ಹೀಗೆ ಫಿಂಟನ್ ಹೇಳಿದ್ದ ಹಾಗೇ ಜೋಡಿಸಿದರು. ಕಡ್ಡಿ ಗೀರಿದರು. ಬೆಂಕಿ ಹಿಡಿಯಲು ಸ್ವಲ್ಪ ಹೊತ್ತು ಮೀನಮೇಷ ಎಣಿಸಿತು. ಅಜ್ಜಿಯೂ ನಾನೂ ಒಟ್ಟಿಗೆ ಬಾಗಿ, ಒಟ್ಟಿಗೆ ಕೆನ್ನೆ ಉಬ್ಬಿಸಿದೆವು, ಊದುವುದಕ್ಕೆ.

"ಊದೋದು ಬೇಡ ಕಣ್ರೇ, ಗಾಳಿ ಬಿಡೋಕೆ ಇದಕ್ಕೆ ಲಿವರ್ ಇದೆ!" ಎಂದು ಸ್ಟೆಲ್ಲಾ ಇಬ್ಬರನ್ನೂ ಹಿಂದಕ್ಕೆ ಎಳೆದಳು. ಲಿವರ್ ಒತ್ತಿದಳು. ಗಾಳಿ ಒಳಗೆ ನುಗ್ಗಿ, ಗಾಜಿನ ಹಿಂದೆ ಉರಿ ಎದ್ದು ನಿಂತಿತು.

ಅಷ್ಟು ವರ್ಷ ಬರಿಗೋಡೆಗೆ ಮುಖ ಮಾಡಿ ಕೂತಿದ್ದ ಕುರ್ಚಿಗಳಿಗೆ ಕೊನೆಗೂ ನೋಡುವುದಕ್ಕೆ ಏನೋ ಸಿಕ್ಕಿತು. ಅಜ್ಜಿ ತಮ್ಮ ಕುರ್ಚಿಯಲ್ಲಿ ಕೂತರು. ಅವರ ಮುಖದ ಸುಕ್ಕುಗಳಲ್ಲಿ ಬೆಳಕು ಓಡಾಡುತ್ತಿತ್ತು. ಅವರು ಸ್ಟೆಲ್ಲಾಳ ಕೈ ಹಿಡಿದು ಪಕ್ಕದ ಕುರ್ಚಿಗೆ ಎಳೆದು ಕೂರಿಸಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಬೆಂಕಿಯನ್ನೇ ನೋಡಿದರು.

ಟೀ ಬಂತು. ಮೊದಲು ನಕ್ಕವನು ಡೊನಾಲ್. ಟೀ ಆರದಿರಲೆಂದು ಅಲ್ಲಿಯವರು ಟೀ ಪಾತ್ರೆಗೆ ಉಲ್ಲನ್ನಿನ ಟೋಪಿ ತೊಡಿಸುತ್ತಾರೆ. ಅವತ್ತಿನ ಟೀ ಪಾತ್ರೆಗೆ ಅಜ್ಜಿ ತೊಡಿಸಿದ್ದು ನಮ್ಮವರ ಮಂಕಿ ಕ್ಯಾಪು. ಮುಖ ಹೊರಹಾಕುವ ಕಡೆ ಟೀ ಪಾತ್ರೆಯ ಸೊಂಡಿಲು, ನೆತ್ತಿಯ ಮೇಲೆ ಗೊಂಡೆ.

"ಇದನ್ನು ವಾಪಸ್ ಕೊಡುವುದಿಲ್ಲ, ರಾಮ್" ಎಂದರು. "ಕಿಂಡಿಗೆ ಹಾಕಲು ನೀನು ಮತ್ತೆ ಬಂದರೆ?"

"ಇಟ್ಕೊಳ್ಳಿ ಅಮ್ಮ" ಎಂದರು ನಮ್ಮವರು, ಕನ್ನಡದಲ್ಲೇ. ಅಜ್ಜಿಗೆ ಅರ್ಥವಾಯಿತು.

ಬಸವೇಶ್ವರನಗರ, ವಾಪಸ್

ಮನೆಯ ಬೀಗ ತೆಗೆದದ್ದೇ, ಸೂಟ್‌ಕೇಸುಗಳನ್ನು ಬಾಗಿಲಲ್ಲೇ ಬಿಟ್ಟು, ಯಜಮಾನರು ಸ್ಟೂಲ್ ಎತ್ತಿಕೊಂಡು ಬಚ್ಚಲುಮನೆಗೆ ನಡೆದರು.

"ರೀ, ಮೊದ್ಲು ಕಾಫಿ ಕುಡೀರಿ."

"ಆಮೇಲೆ."

ಪರಪರನೆ ಟೇಪ್ ಕಿತ್ತ ಸದ್ದು ಬಂತು. ಟಿ.ವಿ. ಪೆಟ್ಟಿಗೆಯ ರಟ್ಟು ಧೂಳಿನ ಸಮೇತ ಕೆಳಗೆ ಬಿತ್ತು. ಅವರು ಕೆಳಗಿಳಿದು, ಅದನ್ನು ಗೋಡೆಗೆ ಒರಗಿಸಿ, ತೆರೆದ ವೆಂಟಿಲೇಟರನ್ನೇ ನೋಡುತ್ತಾ ನಿಂತರು. ಅದರ ಕೆಳಗೇ ಗ್ಯಾಸ್ ಗೀಸರ್, ಎಷ್ಟೋ ಚಳಿಗಾಲ ನಾವಿಬ್ಬರೂ ಬಾಗಿಲು ಭದ್ರವಾಗಿ ಹಾಕಿಕೊಂಡು ಸ್ನಾನ ಮಾಡಿದ್ದ ಜಾಗ.

"ಒಂದೊಂದ್ಸಲ ಸ್ನಾನ ಆದ್ಮೇಲೆ ತಲೆ ಸುತ್ತುತ್ತೆ ಅಂತಿದ್ಯಲ್ಲ ನೀನು" ಎಂದರು ಮೆಲ್ಲಗೆ.

"ಬಿ.ಪಿ. ಅನ್ಕೊಂಡಿದ್ದೆ" ಎಂದೆ.

ಅವರು ಅವತ್ತೇ ಪ್ಲಂಬರನ್ನು ಕರೆಸಿ ಗೀಸರನ್ನು ಹೊರಗಿನ ಬಾಲ್ಕನಿಗೆ ಹಾಕಿಸಿದರು. ಪಕ್ಕದ ಮನೆಯವರಿಗೂ, ಎದುರು ಮನೆಯವರಿಗೂ, ಕೊನೆಗೆ ಆ ಪ್ಲಂಬರಿಗೂ ಐರ್ಲೆಂಡಿನ ಕಿಂಡಿಯ ಕಥೆ ಹೇಳಿದರು. ಮಂಕಿ ಕ್ಯಾಪನ್ನು ಯಾರು ತುರುಕಿದ್ದರು ಎನ್ನುವಲ್ಲಿ ಮಾತ್ರ ಕಥೆ ಸ್ವಲ್ಪ ಮಸುಕಾಗುತ್ತದೆ.

ಮಾರನೆಯ ಬೆಳಿಗ್ಗೆ ಸ್ಟೆಲ್ಲಾ ವಿಡಿಯೋ ಕಳಿಸಿದ್ದಳು. ಬ್ರಿಜಿಟ್ ಅಜ್ಜಿ ಕಿಂಡಿಯ ಮುಂದೆ ಊದುಬತ್ತಿ ಹಿಡಿದು ನಿಂತಿದ್ದಾರೆ. ಹಿಂದೆ ಒಲೆ, ಟೀಪಾಯಿಯ ಮೇಲೆ ಗೊಂಡೆ. ನಾನು ಅದನ್ನು ತೋರಿಸೋಣವೆಂದು ಬಚ್ಚಲುಮನೆಯ ಬಾಗಿಲಿಗೆ ಹೋದೆ. ಒಳಗೆ ನೀರಿನ ಸದ್ದು ನಿಂತಿತ್ತು. ಬರಿದಾದ ವೆಂಟಿಲೇಟರಿನಿಂದ ಎದುರು ಮನೆಯ ಕುಕ್ಕರಿನ ಸೀಟಿ, ಹೂವಿನವಳ ಕೂಗು, ಒಂದು ಕೋಗಿಲೆ, ಎಲ್ಲವೂ ನಮ್ಮ ಬಚ್ಚಲಿಗೆ ಬಂದು ಸೇರಿದ್ದವು.

"ವಿಮಲಾ! ಬೇಗ ಟವಲ್ ಕೊಡೇ, ಗಾಳಿ ಬರ್ತಾ ಇದೆ!"

"ಬರ್ಲಿ ಬಿಡ್ರೀ" ಎಂದೆ.